ಜಾಕೀಟಿನ ಮೇಲಿನ ಕಂಬಳಿ

ಸಂಕ್ರಮಣ ಕಳೆದು ಐದನೆಯ ದಿನ. ಬೆಳಗಿನ ಐದೂವರೆಗೆ ನಾನು ಬೀರದೇವರ ಗುಡಿಯ ಮುಂದೆ ನೀರು ಹೊಡೆಯುತ್ತಿದ್ದೆ. ಕೈಯಲ್ಲಿದ್ದ ಕೊಡದ ಬಾಯಿ ಕಾಣುತ್ತಿತ್ತು, ನೀರು ಬೀಳುವ ನೆಲ ಕಾಣುತ್ತಿರಲಿಲ್ಲ, ಮಂಜು ಅಷ್ಟು ದಟ್ಟವಾಗಿತ್ತು. ಡೈರಿಗೆ ಹಾಲಿನ ಕ್ಯಾನು ಒಯ್ಯುವ ಬಸವಂತ ತನ್ನ ಮೋಟಾರ್ ಸೈಕಲ್ಲನ್ನು ಗುಡಿಯ ಮುಂದೆ ನಿಲ್ಲಿಸಿದ. ಅವನು ದಿನವೂ ಇಳಿದು ಬಂದು ನನ್ನ ಕೈಯಿಂದ ಹಣೆಗೆ ಭಂಡಾರದ ಅರಿಷಿಣ ಹಚ್ಚಿಸಿಕೊಂಡು ಹೋಗುವವನು. ಆ ದಿನ ಇಳಿಯಲಿಲ್ಲ.

"ಮುತ್ಯಾ, ಗಂಗಾರಾಮ ಕಾಕಾ ಮನ್ಯಾಗ ಅದಾನೇನ್ರಿ?" ಎಂದ.

"ಪಾಳಿಗೆ ಹೋಗ್ಯಾನ. ಯಾಕ?"

"ಕಾಲುವಿ ಪೂಲಿನ ಹಂತೇಕ ಯಾರೋ ಸೈಕಲ್ಲಿನಾಂವ ಬಿದ್ದಾನ್ರಿ. ಕಬ್ಬಿನ ಟ್ರ್ಯಾಕ್ಟರ್ ಬಡದೈತಿ. ನಂಗ ಹತ್ರ ಹೋಗಾಕ ಧೈರ್ಯ ಆಗಲಿಲ್ಲ. ಸೈಕಲ್ಲಿಗೆ ಹಸಿರ ವಯರಿನ ಚೀಲ ಇತ್ತು."

ಹಸಿರು ವಯರಿನ ಚೀಲವನ್ನು ನನ್ನ ತಮ್ಮ ಗಂಗಾರಾಮನ ಹೆಂಡತಿ ಅನುಸೂಯಾ ಹೆಣೆದಿದ್ದಳು. ಊರಲ್ಲಿ ಅಂಥದು ಇನ್ನೊಂದು ಇರಲಿಲ್ಲ. ಕೊಡವನ್ನು ಕಟ್ಟೆಯ ಮೇಲಿಟ್ಟು, ಊರೊಳಗೆ ಹೋಗಿ ನಾಲ್ಕು ಮಂದಿಯನ್ನು ಕರೆದುಕೊಂಡು ಬಾ ಎಂದು ಬಸವಂತನಿಗೆ ಹೇಳಿ, ನಾನು ಕಾಲುವೆಯ ಕಡೆಗೆ ನಡೆದೆ. ನಮ್ಮ ಅನಂತಪುರದ ಬೀರದೇವರ ಗುಡಿ ಊರ ಹೊರಗಿದೆ. ಅಲ್ಲಿಂದ ಕಾಲುವೆಯ ಸೇತುವೆ, ನಮ್ಮ ಮಾತಿನ ಪೂಲು, ಅರ್ಧ ಮೈಲು. ಅರವತ್ತೊಂಬತ್ತು ವರ್ಷದ ಕಾಲುಗಳು ಆ ಅರ್ಧ ಮೈಲನ್ನು ಹೇಗೆ ದಾಟಿದವೋ ನನಗೆ ನೆನಪಿಲ್ಲ.

ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ರಸ್ತೆಯ ಬದಿಗೆ ನಿಂತಿತ್ತು. ಇಂಜಿನು ನಡೆದೇ ಇತ್ತು, ದೀಪ ಉರಿಯುತ್ತಿತ್ತು. ಅದರ ಮೇಲೆ ಯಾರೂ ಇರಲಿಲ್ಲ. ಆ ದೀಪದ ಬೆಳಕಿನ ಅಂಚಿನಲ್ಲಿ ಒಂದು ಕಪ್ಪು ರಾಶಿ ಬಿದ್ದಿತ್ತು. ಅದು ನನ್ನ ತಮ್ಮ. ತಲೆಯಿಂದ ಮೊಣಕಾಲಿನವರೆಗೆ ಕರಿ ಕಂಬಳಿಯ ಕೊಪ್ಪೆ ಹಾಕಿಕೊಂಡಿದ್ದ. ಮುಖ ಮುಟ್ಟಿದೆ. ಮೂಗಿನ ಮುಂದೆ ಬೆರಳು ಹಿಡಿದೆ. ಉಸಿರು ಇರಲಿಲ್ಲ.

ಆಗ ನಾನೊಂದು ಕೆಲಸ ಮಾಡಿದೆ. ಅದನ್ನು ಬರೆಯಲಿಕ್ಕಾಗಿಯೇ ಈ ಕಾಗದ ಹಿಡಿದಿದ್ದೇನೆ. ಅವನ ಮೈಮೇಲಿನ ಕಂಬಳಿಯನ್ನು ಬಿಚ್ಚಿ ತೆಗೆದೆ. ನಾಲ್ಕು ಮಡಿಕೆ ಮಾಡಿ ನನ್ನ ಹೆಗಲ ಮೇಲೆ ಹಾಕಿಕೊಂಡೆ. ಅದರ ಮೇಲೆ ನನ್ನ ಕಂಬಳಿಯನ್ನು ಹೊದ್ದೆ. ಹೆಗಲ ಮೇಲೆ ಕಂಬಳಿ ಇರುವ ಮುದುಕನನ್ನು ನಮ್ಮ ಕಡೆ ಯಾರು ತಿರುಗಿ ನೋಡುತ್ತಾರೆ? ಅದು ಒಂದಿದೆಯೋ ಎರಡಿವೆಯೋ ಎಂದು ಯಾರು ಎಣಿಸುತ್ತಾರೆ?

ಕಂಬಳಿ ತೆಗೆದ ಕೂಡಲೆ ಗಂಗಾರಾಮ ಬೆಳಗಿದ. ಒಳಗೆ ಅವನು ಕಾರ್ಖಾನೆಯವರು ಕೊಟ್ಟ ಹಳದಿ ಜಾಕೀಟು ಹಾಕಿದ್ದ. ಎದೆಯ ಮೇಲಿನ ಬೆಳ್ಳಿಯಂಥ ಎರಡು ಪಟ್ಟಿಗಳು ಟ್ರ್ಯಾಕ್ಟರ್ ದೀಪಕ್ಕೆ ಫಳಫಳ ಹೊಳೆದವು. ಕಣ್ಣು ಮುಚ್ಚಿದವನ ಎದೆ ಅಷ್ಟು ಹೊಳೆಯುವುದನ್ನು ನೋಡಲಾರದೆ ನಾನು ಮುಖ ತಿರುಗಿಸಿದೆ.

ಹೊಲದ ಕಡೆಯಿಂದ ಓಡಿ ಬರುವ ಸದ್ದಾಯಿತು. ಇಪ್ಪತ್ತೈದರ ತರುಣನೊಬ್ಬ ಪಂಪಿನ ಮನೆಯಿಂದ ಡಬ್ಬಿಯಲ್ಲಿ ನೀರು ತಂದಿದ್ದ. ಟ್ರ್ಯಾಕ್ಟರ್ ಹೊಡೆಯುವವನು ಅವನೇ. ಶೇಡಬಾಳದವನು, ಹೆಸರು ವಿಕ್ರಾಂತ ಎಂದು ಆಮೇಲೆ ತಿಳಿಯಿತು.

"ನೀರು ತಂದೇನ್ರಿ ಅಜ್ಜಾ, ಒಂದೀಟು ಬಾಯಾಗ..." ಎಂದು ಬಗ್ಗಿದವನು ಅಲ್ಲೇ ನಿಂತ. ಜಾಕೀಟನ್ನು ನೋಡಿದ. ನನ್ನನ್ನು ನೋಡಿದ. ಮತ್ತೆ ಜಾಕೀಟನ್ನು ನೋಡಿದ. ಡಬ್ಬಿ ಅವನ ಕೈಯಿಂದ ಜಾರಿತು.

"ಇವ ಅಲ್ರಿ," ಎಂದ. "ನಾ ಬಡದದ್ದು ಇವಂಗ ಅಲ್ಲ. ಅದು ಕರ್ರಗಿತ್ರಿ. ತಲಿ ಇರಲಿಲ್ಲ ಅದಕ್ಕ."

ನಾನು ಹೆಗಲ ಮೇಲಿನ ಕಂಬಳಿಯನ್ನು ಎದೆಗೆ ಎಳೆದುಕೊಂಡೆ. ಅಷ್ಟರಲ್ಲಿ ಬಸವಂತನೂ ಊರ ಮಂದಿಯೂ ಬಂದರು.

ಈ ಜಾಕೀಟಿನ ಸಂಗತಿಯನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು. ನಮ್ಮ ಊರಿನಿಂದ ಐದು ಮೈಲಿನ ಮೇಲೆ ಸಕ್ಕರೆ ಕಾರ್ಖಾನೆ ಇದೆ. ಗಂಗಾರಾಮ ಅಲ್ಲಿ ರಸ ಕುದಿಸುವ ಕಡೆ ಇಪ್ಪತ್ತಾರು ವರ್ಷ ದುಡಿದ, ಇಪ್ಪತ್ತಾರು ವರ್ಷವೂ ಸೈಕಲ್ಲಿನ ಮೇಲೆಯೇ ಹೋದ. ಈ ದೀಪಾವಳಿಯ ಸುಮಾರಿಗೆ ಕಾರ್ಖಾನೆಗೆ ನೀಲಮ ಎಂಬ ಹುಡುಗಿ ಬಂದಳು. ಕೆಲಸಗಾರರ ಸುರಕ್ಷತೆ ನೋಡುವುದು ಅವಳ ಕೆಲಸ. ಸೈಕಲ್ಲಿನ ಮೇಲೆ ಬರುವವರಿಗಾಗಿ ಒಂದು ಹಾಳೆಯ ತುಂಬ ನಿಯಮ ಬರೆದು ಗೇಟಿಗೆ ಹಚ್ಚಿದಳು. ಹಿಂದಿನ ಗಾಲಿಯ ಮೇಲೆ ಕೆಂಪು ದೀಪ ಇರಬೇಕು. ಕಬ್ಬಿನ ಟ್ರೇಲರ್ ಹಿಡಿದುಕೊಂಡು ಎಳೆಸಿಕೊಂಡು ಬರಬಾರದು. ಮನೆಯ ಹೊಸ್ತಿಲು ದಾಟುವಾಗಲೇ ಜಾಕೀಟು ಮೈಮೇಲಿರಬೇಕು. ಜಾಕೀಟು ಇಲ್ಲದವನನ್ನು ಗೇಟಿನಲ್ಲಿ ಒಳಗೆ ಬಿಡುವುದಿಲ್ಲ, ಆ ದಿನ ಗೈರುಹಾಜರಿ.

ಮಂದಿ ನಕ್ಕಿತು. ಗಂಗಾರಾಮ ಮೊದಲ ದಿನ ಜಾಕೀಟು ಹಾಕಿಕೊಂಡು ಓಣಿಯಲ್ಲಿ ಬಂದಾಗ ಕಟ್ಟೆಯ ಮೇಲಿದ್ದ ಕೆಂಚವ್ವ, "ಏನೋ ಗಂಗ್ಯಾ, ಐವತ್ಮೂರಕ್ಕ ಮತ್ತ ಮದಿಮಗಾ ಆದ್ಯೇನು? ಅರಿಷಿಣಾ ಭಾಳ ಹಚ್ಚ್ಯಾರಲ್ಲ" ಎಂದಳು.

"ಹೌದಬೇ, ನಿನ್ನನ್ನ ನೋಡಾಕ ಹೊಂಟಿದ್ದೆ" ಎಂದು ಅವನು ಗಂಟೆ ಬಾರಿಸಿ ಹೋದ.

ಅವನಿಗೆ ಜಾಕೀಟು ಸೇರಿತ್ತು. ಅದನ್ನು ನಾನು ಬಲ್ಲೆ. ದಿನವೂ ಬೆಳಿಗ್ಗೆ ಐದೂಕಾಲಿಗೆ ಗುಡಿಯ ಮುಂದೆ ಹಾಯುತ್ತಿದ್ದ. ಎರಡೂ ಕೈ ಹ್ಯಾಂಡಲ್ಲಿನ ಮೇಲೆ ಇರುವುದರಿಂದ ಕೈ ಮುಗಿಯಲಾಗದು. ಅದಕ್ಕೆ ಸೈಕಲ್ಲಿನ ಗಂಟೆಯನ್ನು ಒಂದು ಸಲ ಬಾರಿಸುತ್ತಿದ್ದ. ಅದು ದೇವರಿಗೆ ಅವನ ನಮಸ್ಕಾರ. ಒಳಗೆ ಕುಳಿತ ನಾನು ಆ ಗಂಟೆ ಕೇಳಿ, ತಮ್ಮ ಹೋದ ಎಂದುಕೊಂಡು ದೀಪದ ಬತ್ತಿ ಹೊಸೆಯುತ್ತಿದ್ದೆ. ಇಪ್ಪತ್ತಾರು ವರ್ಷ ಹೀಗೆ.

ಆ ದಿನ ಅವನಿಗೆ ಕೆಮ್ಮು ಇತ್ತು. ದೀಪಾವಳಿಯ ಅಮಾವಾಸ್ಯೆಗೆ ನಾನು ಒಂದು ಹೊಸ ಕಂಬಳಿಯನ್ನು ದೇವರ ಗದ್ದಿಗೆಯ ಮೇಲೆ ಹಾಸಿ, ಭಂಡಾರ ಹಾರಿಸಿ, ಏಳು ಆದಿತ್ಯವಾರ ಪೂಜೆ ಮಾಡಿ ಇಟ್ಟಿದ್ದೆ. ನಮ್ಮ ಕುರುಬರ ಮನೆಯಲ್ಲಿ ಅಂಥ ಕಂಬಳಿ ಎಂದರೆ ದೇವರು ತಾನೇ ಮೈಮೇಲೆ ಕೈ ಇಟ್ಟ ಹಾಗೆ. ಮುಂಜಾನೆ ಅವನು ಸೈಕಲ್ಲು ಹೊರಗೆ ತೆಗೆಯುವಾಗ ನಾನು ಅದನ್ನು ತಂದು ಅವನ ತಲೆಯ ಮೇಲೆ ಹೊದಿಸಿದೆ.

"ಇದು ಮ್ಯಾಲ ಬಂದ್ರ ಜಾಕೀಟ ಕಾಣಂಗಿಲ್ಲಣ್ಣಾ" ಎಂದ.

"ಆ ಪ್ಲಾಸ್ಟಿಕ್ಕಿನ ಅರಿವಿ ಚಳಿ ತಡೀತೈತೇನು? ದೇವರ ಕಂಬಳಿ ಮೈಮ್ಯಾಲ ಇದ್ದಾಂವಗ ಏನ ಆಗತೈತಿ? ಗೇಟಿನ ಹಂತೇಕ ಹೋಗಿ ತಗದಬಿಡು. ನೋಡಾವ್ರು ಇರೂದು ಗೇಟಿನ್ಯಾಗ ಅಲ್ಲೇನು?"

ಅವನು ಅಣ್ಣನ ಮಾತು ಮೀರಿದವನಲ್ಲ. ನಕ್ಕು, ಕೆಮ್ಮಿ, ಹೊರಟುಹೋದ.

ನೋಡಬೇಕಾದವನು ಗೇಟಿನಲ್ಲಿ ಇರಲಿಲ್ಲ. ದಾರಿಯಲ್ಲಿ ಇದ್ದ, ಹಿಂದಿನಿಂದ ಟ್ರ್ಯಾಕ್ಟರ್ ಹೊಡೆದುಕೊಂಡು ಬರುತ್ತಿದ್ದ. ಕೆಂಪು ದೀಪವನ್ನೂ ಉದ್ದನೆಯ ಕಂಬಳಿ ಇಳಿಬಿದ್ದು ಮುಚ್ಚಿತ್ತು.

ಕಂಬಳಿ ಏಕೆ ತೆಗೆದೆ? ದೇವರ ವಸ್ತು, ಪೊಲೀಸರ ಕೈಗೂ ಆಸ್ಪತ್ರೆಯ ಹೆಣದ ಕೋಣೆಗೂ ಹೋಗಬಾರದು ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಆ ಮಾತು ಸುಳ್ಳಲ್ಲ. ಆದರೆ ಅದು ಪೂರ್ತಿ ನಿಜವೂ ಅಲ್ಲ. ದೇವರ ಕಂಬಳಿಯೇ ನನ್ನ ತಮ್ಮನನ್ನು ಮುಚ್ಚಿ ಕೊಂದಿತು ಎಂಬುದನ್ನು ಊರು ನೋಡಬಾರದು ಎಂದು ನನ್ನ ಕೈಗೆ ಮೊದಲೇ ತಿಳಿದಿತ್ತು.

ಪಂಚನಾಮೆಯಲ್ಲಿ, ಸೈಕಲ್ ಸವಾರನು ಹೊಳೆಯುವ ಜಾಕೀಟು ಧರಿಸಿದ್ದನು ಎಂದು ಬರೆದರು. ವಿಕ್ರಾಂತ ಕುಡಿದಿರಲಿಲ್ಲ ಎಂದು ತಪಾಸಣೆಯಲ್ಲಿ ಬಂತು. ಹಾಗಾದರೆ ಮಲಗಿದ್ದ ಎಂದರು ಮಂದಿ. ಅಷ್ಟು ಹೊಳೆಯುವ ಮನುಷ್ಯ ಕಾಣಲಿಲ್ಲ ಎಂದರೆ ಯಾರು ನಂಬುತ್ತಾರೆ? ಅಲ್ಲೇ ಕಾಲುವೆಯ ಮೇಲೆ ನಮ್ಮ ಊರಿನ ಹುಡುಗರು ಅವನಿಗೆ ನಾಲ್ಕು ಏಟು ಹಾಕಿದರು. ನಾನು ಬೇಡ ಎನ್ನಲಿಲ್ಲ. ಕೇಸಾಯಿತು. ಜಾಮೀನಿನ ಮೇಲೆ ಅವನು ಶೇಡಬಾಳಕ್ಕೆ ಹೋದ.

ಗಂಗಾರಾಮನನ್ನು ನಮ್ಮ ಹೊಲದ ಬದುವಿನಲ್ಲಿ ಮಣ್ಣು ಮಾಡಿದೆವು. ಮೂರನೆಯ ದಿನ ನೀಲಮ ಮನೆಗೆ ಬಂದಳು. ಅನುಸೂಯಾಳ ಮುಂದೆ ಕುಳಿತು, "ನಿಯಮದ ಪ್ರಕಾರ ಎಲ್ಲಾ ಹಾಕ್ಕೊಂಡಿದ್ರು. ಇಂಥವರ ಮನೀಗೆ ಒಂದು ನೌಕರಿ ಕೊಡಬೇಕಂತ ನಾ ಬರದು ಕಳಿಸೇನ್ರಿ. ಸಾಹೇಬ್ರು ಒಪ್ಪ್ಯಾರ" ಎಂದಳು. ಅವಳ ಕಣ್ಣು ಅತ್ತು ಕೆಂಪಾಗಿದ್ದವು. ನಾನು ಕಂಬದ ಹಿಂದೆ ನಿಂತು ಕೇಳಿದೆ.

ಕಂಬಳಿಯನ್ನು ಗುಡಿಯಲ್ಲಿ ದೇವರ ಸಾಮಾನಿನ ಪೆಟ್ಟಿಗೆಯಲ್ಲಿ ಹಾಕಿ ಬೀಗ ಹಾಕಿದ್ದೆ. ಹದಿಮೂರು ದಿನದ ಸೂತಕ ಕಳೆದು ಮತ್ತೆ ಪೂಜೆಗೆ ಕುಳಿತ ಮೊದಲ ದಿನ, ಐದೂಕಾಲಿಗೆ, ಹೊರಗೆ ಸೈಕಲ್ಲಿನ ಗಂಟೆ ಒಂದು ಸಲ ಆಯಿತು. ಎದ್ದು ಹೋಗಿ ನೋಡಿದೆ. ಮಂಜು ಮಾತ್ರ ಇತ್ತು. ಬೇರೆ ಯಾರಾದರೂ ಪಾಳಿಗೆ ಹೋಗಿರಬಹುದು ಎಂದುಕೊಂಡೆ. ಒಳಗೆ ಬಂದು ಪೆಟ್ಟಿಗೆ ತೆಗೆದೆ. ಕಂಬಳಿಯನ್ನು ಮುಟ್ಟಿದರೆ ಹಸಿಯಾಗಿತ್ತು. ಮಂಜಿನಲ್ಲಿ ಹೊದ್ದು ಐದು ಮೈಲು ಹೋಗಿ ಬಂದರೆ ಉಣ್ಣೆಯ ತುದಿಯಲ್ಲಿ ಹನಿ ನಿಲ್ಲುತ್ತವಲ್ಲ, ಹಾಗೆ. ಬಿಸಿಲಿಗೆ ಹಾಕುವಂತಿರಲಿಲ್ಲ, ಮಂದಿ ನೋಡುತ್ತಾರೆ. ಮತ್ತೆ ಮಡಿಚಿಟ್ಟೆ. ಮರುದಿನವೂ ಹಸಿ. ಅದರ ಮರುದಿನವೂ ಗಂಟೆ.

ಅವನ ಡಬ್ಬಿ, ಚಪ್ಪಲಿ ಕಾರ್ಖಾನೆಯ ಕಪಾಟಿನಲ್ಲಿ ಉಳಿದಿದ್ದವು. ತರಲು ಹೋದೆ. ಸೈಕಲ್ ಸ್ಟ್ಯಾಂಡಿನ ಕಾವಲುಗಾರ ಬಾಳಾಸಾಬ ನನ್ನನ್ನು ಕಂಡು ಎದ್ದು ನಿಂತ. ಅಲ್ಲಿ ಒಬ್ಬೊಬ್ಬನ ಸೈಕಲ್ಲಿಗೆ ಒಂದೊಂದು ನಂಬರಿನ ಜಾಗ. ಗಂಗಾರಾಮನದು ನಲವತ್ತೊಂದು. ಎರಡು ಬದಿಗೂ ಸೈಕಲ್ಲು ಒತ್ತಾಗಿ ನಿಂತಿದ್ದವು, ಅದೊಂದು ಜಾಗ ಖಾಲಿ.

"ಯಾರೂ ಹಚ್ಚವಲ್ರು ಪೂಜಾರಿ ಅಣ್ಣಾ," ಎಂದ ಬಾಳಾಸಾಬ. "ನಿನ್ನಿ ಒಬ್ಬ ಹೊಸಬ ತಂದು ನಿಂದ್ರಿಸಿದ. ಆಜೂಬಾಜೂದವ್ರು ಎತ್ತಿ ಹೊರಗ ಇಟ್ರು. ಇನ್ನೊಂದು ಹೇಳಲಿ? ನಗಬ್ಯಾಡ್ರಿ ಮತ್ತ."

"ನಗೂದಿಲ್ಲ, ಹೇಳು."

"ನಾ ದಿನಾ ನಸಿಕಲೇ ಬಂದು ಕಸಾ ಹೊಡೀತೀನಿ. ಹೊಡದು ಚಾ ಕುಡದು ಬರೂದ್ರಾಗ ಈ ಜಾಗಾದಾಗ ಒಂದು ಹಸಿ ಗಾಲಿ ಗುರುತು ಇರತೈತಿ. ಒಳಗ ಬಂದದ್ದು ಐತಿ. ಹೊರಗ ಹೋದದ್ದು ಇಲ್ಲ."

ನಾನು ನೆಲ ನೋಡಿದೆ. ಆಗ ಬಿಸಿಲು ಏರಿತ್ತು. ನೆಲ ಒಣಗಿತ್ತು.

ಗೇಟಿನ ಹೊರಗೆ ಪಾಳಿ ಬಿಟ್ಟ ಮಂದಿ ಸೈಕಲ್ಲು ಏರುತ್ತಿದ್ದರು. ಒಬ್ಬನ ಮೈಮೇಲೂ ಜಾಕೀಟು ಇರಲಿಲ್ಲ. ಜಾಕೀಟನ್ನು ಉಂಡೆ ಮಾಡಿ ಕ್ಯಾರಿಯರಿಗೆ ಸಿಕ್ಕಿಸಿದ್ದರು. ಒಬ್ಬನಂತೂ ಅದರಿಂದ ಸೈಕಲ್ಲು ಒರೆಸುತ್ತಿದ್ದ.

"ಗೇಟಿನ್ಯಾಗ ಹಾಕ್ಕೋತಾರ, ಗೇಟ ದಾಟಿ ತಗೀತಾರ," ಎಂದ ಬಾಳಾಸಾಬ. "ಹಾಕ್ಕೊಂಡಾಂವ ಸತ್ತ, ನಾವ್ಯಾಕ ಹಾಕ್ಕೋಬೇಕು ಅಂತಾರ. ನೀಲಮ ಬಾಯಾರು ದಿನಾ ಬೈತಾರ, ದಿನಾ ಬೈಸ್ಕೋತಾರ. ಸಾಹೇಬ್ರೂ ಅಂದ್ರಂತ, ಆ ಜಾಕೀಟಿನ ನಿಯಮಾ ತಗದ ಬಿಡ್ರಿ, ಅದರಿಂದ ಏನ ಉಪಯೋಗ ಆತು ಅಂತ."

ಆ ಸೈಕಲ್ಲುಗಳು ಕಬ್ಬಿನ ಗಾಡಿಗಳ ನಡುವೆ ನುಸುಳಿ ಹೋಗುವುದನ್ನು ನೋಡುತ್ತ ನಿಂತೆ. ಅಷ್ಟು ಜನರ ಮೈಮೇಲಿನಿಂದ ಜಾಕೀಟು ತೆಗೆದವನು ನಾನು. ಕಾಲುವೆಯ ಹತ್ತಿರ ಒಂದು ಕಂಬಳಿ ತೆಗೆದೆ, ಇಲ್ಲಿ ಇಷ್ಟು ಜಾಕೀಟು ಉದುರಿದವು. ಆದರೂ ನಾನು ಬಾಯಿ ತೆರೆಯಲಿಲ್ಲ. ಅನುಸೂಯಾಳ ನೌಕರಿಯ ಕಾಗದ ಇನ್ನೂ ಬರಬೇಕಿತ್ತು. ಅದೊಂದು ನೆಪವೂ ನನಗಿತ್ತು.

ಮಾಘ ಮಾಸದ ಒಂದು ಆದಿತ್ಯವಾರ ಗುಡಿಗೆ ಒಬ್ಬ ಹೆಂಗಸು ಬಂದಳು. ಶೇಡಬಾಳದಿಂದ ಎರಡು ಬಸ್ಸು ಬದಲಿಸಿ ಬಂದಿದ್ದಳು. ತೆಂಗಿನಕಾಯಿ ಕೈಯಲ್ಲಿತ್ತು. ನಾನು ಸತ್ತವನ ಅಣ್ಣ ಎಂದು ಅವಳಿಗೆ ಗೊತ್ತಿರಲಿಲ್ಲ. ಈ ದಾರಿಯ ಬೀರದೇವರು ಕಂಟಕ ಬಿಡಿಸುತ್ತಾನೆ ಎಂದು ಯಾರೋ ಹೇಳಿ ಕಳಿಸಿದ್ದರು.

"ನನ್ನ ಹೆಸರು ಸಕ್ಕುಬಾಯಿ ಬಾಬಾ. ನನ್ನ ಪೋರಗಾ ಇಲ್ಲೇ ಕಾಲುವಿ ಹತ್ರ ಒಬ್ಬಾಂವಗ ಟ್ರ್ಯಾಕ್ಟರ್ ಬಡದಾನ್ರಿ. ತಪ್ಪು ಆತು, ಶಿಕ್ಷಾ ಆದ್ರ ಆಗಲಿ, ನಾ ಅದಕ್ಕ ಬಂದಿಲ್ಲ. ಆದ್ರ ಅಂವಗ ಬ್ಯಾರೇನ ಏನೋ ಹಿಡದೈತಿ. ನಾ ಬಡದದ್ದು ಕರೇ ಇತ್ತು, ತಲಿ ಇಲ್ಲದ್ದು ಇತ್ತು, ಇಳದು ನೋಡಿ ನೀರಿಗೆ ಹೋಗಿ ಬರೂದ್ರಾಗ ಅದು ಬೆಳಕಿನ ಮನಿಷ್ಯಾ ಆಗಿತ್ತು ಅಂತಾನ. ನಿದ್ದ್ಯಾಗ ಎದ್ದು, ತೋ ಮಾಣೂಸ ನವ್ಹತಾ ಆಯೀ, ಅದು ಮನಿಷ್ಯಾ ಅಲ್ಲ ಅವ್ವಾ, ಅಂತ ಒದರತಾನ. ಊಟಾ ಬಿಟ್ಟಾನ. ಹೊರಗಿನ ಬಾಗಲಾ ದಾಟಂಗಿಲ್ಲ. ಕಂಬಳಿ, ಚಾದರಾ, ಕರಿದು ಏನ ಕಂಡ್ರೂ ಗ್ವಾಡಿ ಕಡೆ ಮಾರಿ ಮಾಡ್ತಾನ."

ನನ್ನ ಹೆಗಲ ಮೇಲೆ ಕಂಬಳಿ ಇತ್ತು. ಅದು ಒಮ್ಮೆಲೇ ಭಾರವಾಯಿತು.

"ಯಾವ ದೆವ್ವ ಅಂತ ದೇವರನ್ನ ಕೇಳ್ರಿ ಬಾಬಾ," ಎಂದಳು ಸಕ್ಕುಬಾಯಿ. "ಅದಕ್ಕ ಏನ ಬೇಕು ಕೇಳ್ರಿ. ಕೊಡತೀನಿ."

ನಾನು ಭಂಡಾರದ ಬಟ್ಟಲಿಗೆ ಕೈ ಹಾಕಿದೆ. ನಲವತ್ತು ವರ್ಷ ಈ ಕೈಯಿಂದ ಎಷ್ಟೋ ಹಣೆಗೆ ಹಚ್ಚಿದ್ದೇನೆ, ಎಷ್ಟೋ ಮನೆಗಳ ಅಂಜಿಕೆ ಬಿಡಿಸಿದ್ದೇನೆ. ಆ ದಿನ ಚಿಟಿಕೆ ಹಿಡಿದ ಬೆರಳು ಬಟ್ಟಲಿನಿಂದ ಮೇಲೆ ಏಳಲಿಲ್ಲ. ಅವಳ ಮಗನನ್ನು ಹಿಡಿದ ದೆವ್ವವನ್ನು ನಾನು ಬಲ್ಲೆ. ಅದು ಸ್ಮಶಾನದಿಂದ ಬಂದದ್ದಲ್ಲ, ಕಾಲುವೆಯಿಂದ ಬಂದದ್ದಲ್ಲ. ಅದನ್ನು ನಾನು ಮಾಡಿದ್ದೆ. ಆ ಹುಡುಗ ಕಣ್ಣಾರೆ ಕಂಡ ನಿಜವನ್ನು ಮಡಿಚಿ ಹೆಗಲ ಮೇಲೆ ಹಾಕಿಕೊಂಡು ಬಂದಿದ್ದೆ. ಅವನ ಕೈಯಲ್ಲಿ ಉಳಿದದ್ದು ದೆವ್ವ ಮಾತ್ರ.

"ನಾಳಿ ನಾನ ನಿಮ್ಮ ಮನೀಗೆ ಬರತೀನಿ ತಾಯಿ," ಎಂದೆ. "ಅಂವಗ ಹೇಳು, ಬೀರದೇವರ ಪೂಜಾರಿ ಬರತಾನ ಅಂತ."

ಅಂದು ಸಂಜೆ ಊಟಕ್ಕೆ ಕುಳಿತಾಗ ರೊಟ್ಟಿ ಮುರಿಯಲಾಗಲಿಲ್ಲ. ಅನುಸೂಯಾ ಅಡಿಗೆ ಮನೆಯ ಬಾಗಿಲ ಹಿಂದೆ ನಿಂತಿದ್ದಳು. ಗಂಡನ ಅಣ್ಣನೊಡನೆ ಎದುರಿಗೆ ನಿಂತು ಮಾತಾಡುವ ರೂಢಿ ನಮ್ಮಲ್ಲಿ ಇಲ್ಲ. ಇಪ್ಪತ್ತೆಂಟು ವರ್ಷದಲ್ಲಿ ಅವಳು ನನ್ನೊಡನೆ ಆಡಿದ ಮಾತು ಒಂದು ಚೀಲ ತುಂಬಲಿಕ್ಕಿಲ್ಲ.

"ಅನುಸೂಯಾ, ಒಂದು ಮಾತು ಹೇಳೂದೈತಿ" ಎಂದೆ.

"ಕಂಬಳಿದೇನ್ರಿ ಬಾವಾರ?" ಎಂದಳು ಬಾಗಿಲ ಹಿಂದಿನಿಂದ.

ನನ್ನ ಕೈ ತಾಟಿನಲ್ಲೇ ನಿಂತಿತು.

"ನೀವು ಹೊಚ್ಚಿದ್ರಿ. ಗಾಳಿಗೆ ಹಾರಬಾರದಂತ ಗದ್ದದ ಕೆಳಗ ಗಂಟು ಹಾಕಿದಾಕಿ ನಾನು. ಹೆಣಾ ಮನೀಗೆ ತಂದಾಗ ಕಂಬಳಿ ಇರಲಿಲ್ಲ. ಯಾರ ತಗದಾರಂತ ಅವತ್ತ ನಂಗ ತಿಳೀತು."

"ಮತ್ತ ಯಾಕ ಸುಮ್ಮನ ಇದ್ದಿ?"

"ಹಿರ್ಯಾರು ನೀವು. ನೀವು ಹೇಳ್ತೀರಿ ಅಂತ ದಿನಾ ಹಾದಿ ನೋಡಿದೆ." ಅವಳು ಬಾಗಿಲನ್ನು ಒಂದಿಷ್ಟು ಸರಿಸಿದಳು. "ನಂಗೂ ನಸಿಕಲೇ ಗಂಟಿ ಕೇಳಸತೈತ್ರಿ."

"ಹೇಳಿದ್ರ ನಿನ್ನ ನೌಕರಿ ಹೋಗಬಹುದು."

"ಸುಳ್ಳ ಹೇಳಿ ಆ ಗೇಟಿನ್ಯಾಗ ಹೆಂಗ ಹಾಯಲ್ರಿ ನಾ? ನಲವತ್ತೊಂದರಾಗ ಸೈಕಲ್ ಹೆಂಗ ಹಚ್ಚಲಿ?"

ಮರುದಿನ ಪೆಟ್ಟಿಗೆಯ ಬೀಗ ತೆಗೆದು, ಹಸಿ ಕಂಬಳಿಯನ್ನು ಬಿಳಿ ಧೋತರದಲ್ಲಿ ಸುತ್ತಿಕೊಂಡು ಶೇಡಬಾಳಕ್ಕೆ ಹೋದೆ. ಸಕ್ಕುಬಾಯಿಯ ಮನೆ ಒಂದೇ ಕೋಣೆಯದು. ವಿಕ್ರಾಂತ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕುಳಿತಿದ್ದ. ಕಾಲುವೆಯ ಹತ್ತಿರ ನೀರು ತಂದ ಆ ಗಟ್ಟಿ ಮೈಯ ಹುಡುಗ ಇವನೇ ಎಂದು ಗುರುತಿಸುವುದು ಕಷ್ಟವಾಯಿತು.

"ವಿಕ್ರಾಂತಾ, ನಾ ಅವತ್ತಿನ ಮುದುಕ" ಎಂದೆ.

ಅವನು ತಿರುಗಲಿಲ್ಲ. ನಾನು ಧೋತರ ಬಿಚ್ಚಿದೆ. ಕಂಬಳಿಗೆ ಕೊಪ್ಪೆಯ ಮಡಿಕೆ ಹಾಕಿ, ಗಂಗಾರಾಮ ಹಾಕಿಕೊಂಡಿದ್ದ ಹಾಗೆಯೇ ನನ್ನ ತಲೆಯ ಮೇಲೆ ಹೊದ್ದು, ಗದ್ದದ ಕೆಳಗೆ ಗಂಟು ಹಾಕಿಕೊಂಡೆ. ಅವನ ಕಡೆಗೆ ಬೆನ್ನು ಮಾಡಿ ಬಾಗಿಲಲ್ಲಿ ನಿಂತೆ.

"ಈಗ ಹೊಳ್ಳಿ ನೋಡು. ನೀ ಕಂಡದ್ದು ಇದ ಹೌದೋ ಅಲ್ಲೋ?"

ಸಕ್ಕುಬಾಯಿ ಬಾಯಿಗೆ ಸೆರಗು ಹಿಡಿದು ನಿಂತಿದ್ದಳು. ಆಮೇಲೆ ಹಿಂದಿನಿಂದ ಅವನ ದನಿ ಬಂತು.

"ಇದ್ರಿ," ಎಂದ. "ಅಜ್ಜಾ, ಇದ ಇತ್ರಿ. ತಲಿ ಇರಲಿಲ್ಲ."

"ತಲಿ ಇತ್ತಪ್ಪಾ. ಕಂಬಳಿ ಒಳಗ ಇತ್ತು. ಅದು ನನ್ನ ತಮ್ಮ. ಒಳಗ ಜಾಕೀಟು ಇತ್ತು. ನೀ ನೀರಿಗೆ ಹೋದಾಗ ಕಂಬಳಿ ತಗದಾಂವ ನಾನು. ನಿನ್ನ ಕಣ್ಣು ಸುಳ್ಳ ಹೇಳಿಲ್ಲ. ಸುಳ್ಳ ಹೇಳಿದಾಂವ ನಾನು."

ಅವನು ಎದ್ದು ಬಂದ. ಕಂಬಳಿಯ ಅಂಚನ್ನು ಎರಡು ಬೆರಳಿನಿಂದ ಮುಟ್ಟಿದ. ಉಣ್ಣೆ, ಬರಿಯ ಉಣ್ಣೆ ಎಂದು ಖಾತ್ರಿ ಮಾಡಿಕೊಳ್ಳುವವನ ಹಾಗೆ ಹೊಸೆದು ನೋಡಿದ. ಅಲ್ಲೇ ಕುಳಿತುಬಿಟ್ಟ. ಅತ್ತ. ನಾನು ಅವನ ಕಾಲು ಮುಟ್ಟಲು ಬಗ್ಗಿದೆ. ಅವನು ನನ್ನ ಕೈ ಹಿಡಿದುಕೊಂಡ. ಸಕ್ಕುಬಾಯಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಒಂದು ತಾಟಿನಲ್ಲಿ ಭಾಕರಿ ತಂದು ಮಗನ ಮುಂದೆ ಇಟ್ಟಳು. ಅವನು ಅದನ್ನು ತಿನ್ನುವವರೆಗೆ ನಾನು ಬಾಗಿಲಲ್ಲಿ ಕುಳಿತಿದ್ದೆ.

ಅಲ್ಲಿಂದ ಪೊಲೀಸರ ಬಳಿಗೆ ಹೋಗಿ ಹೇಳಿಕೆ ಬರೆಸಿ ಹೆಬ್ಬೆಟ್ಟಲ್ಲ, ಸಹಿಯನ್ನೇ ಮಾಡಿದೆ. ಆಗುವುದು ಆಗಲಿ ಎಂದು ಮನಸ್ಸು ಮಾಡಿದ್ದೆ. ಅವರು ಕಂಬಳಿಯ ಫೋಟೋ ತೆಗೆದುಕೊಂಡು ಅದನ್ನು ನನಗೇ ಮರಳಿ ಕೊಟ್ಟರು. ಮೂರನೆಯ ದಿನ ಕಾರ್ಖಾನೆಗೆ ಹೋಗಿ ನೀಲಮಳ ಮೇಜಿನ ಮೇಲೆ ಕಂಬಳಿ ಇಟ್ಟೆ. ಪೂರ್ತಿ ಕೇಳಿ ಅವಳು ಕಂಬಳಿಯ ಮೇಲೆ ಕೈ ಇಟ್ಟಳು.

"ಅಜ್ಜಾರ, ನಾನೂ ಗೇಟಿನ್ಯಾಗ ನಿಂತು ನೋಡಿದೆ," ಎಂದಳು. "ಬೆಳಕಿನ್ಯಾಗ ನಿಂತು ಹಾಜರಿ ಹಿಡದೆ. ಕತ್ತಲಿ ಇದ್ದದ್ದು ದಾರ್ಯಾಗ."

"ನನ್ನ ತಮ್ಮನ ಹೆಂಡತಿ ನೌಕರಿ..."

"ನಾ ಮತ್ತ ಬರೀತೀನಿ. ಇದ್ದದ್ದು ಇದ್ದಂಗ ಬರೀತೀನಿ. ಕೊಡತಾರೋ ಇಲ್ಲೋ ಹೇಳಾಕ ಬರಂಗಿಲ್ಲ."

ಅಂದು ಪಾಳಿ ಬಿಡುವ ಹೊತ್ತಿಗೆ ಬಾಳಾಸಾಬ ಎಲ್ಲರನ್ನೂ ಸ್ಟ್ಯಾಂಡಿನಲ್ಲಿ ನಿಲ್ಲಿಸಿದ. ನಾನು ನಲವತ್ತೊಂದನೆಯ ಜಾಗದಲ್ಲಿ ನಿಂತು ನಡೆದದ್ದನ್ನೆಲ್ಲ ಹೇಳಿದೆ. ಜಾಕೀಟು ಹಾಕಿಕೊಂಡವನು ಸತ್ತದ್ದಲ್ಲ, ಜಾಕೀಟು ಮುಚ್ಚಿಕೊಂಡವನು ಸತ್ತದ್ದು ಎಂದೆ. ಮುಚ್ಚಿಸಿದವನು ನಾನು ಎಂದೆ. ಹಿಂದಿನ ಸಾಲಿನಿಂದ ಒಬ್ಬ, "ಇಷ್ಟ ದಿನಾ ಗುಡ್ಯಾಗ ಕುಂತು ನಮಗ ಭಂಡಾರ ಹಚ್ಚಿದ್ಯಲ್ಲೋ ಮುದುಕಾ" ಎಂದ. ನಾನು ಅವನಿಗೆ ತಲೆ ಬಗ್ಗಿಸಿ ಕೈ ಮುಗಿದೆ.

ಈ ಚಳಿಯಲ್ಲಿ ಕಂಬಳಿ ಬಿಡಿ ಎಂದರೆ ನಮ್ಮ ಮಂದಿ ಬಿಡುವುದಿಲ್ಲ. ನೀಲಮ ಹೊಳೆಯುವ ಪಟ್ಟಿಯ ಒಂದು ದೊಡ್ಡ ಸುರುಳಿ ತರಿಸಿ ನಮ್ಮ ಮನೆಗೆ ಕಳಿಸಿದಳು. ಅನುಸೂಯಾ ಒಳಗಿನ ಕೋಣೆಯಲ್ಲಿ, ನಾನು ಪಡಸಾಲೆಯಲ್ಲಿ, ದಬ್ಬಣ ಹಿಡಿದು ಕಂಬಳಿಗಳ ಬೆನ್ನಿಗೆ ಎರಡೆರಡು ಪಟ್ಟಿ ಹೊಲಿದೆವು. ಮೊದಲು ಹೊಲಿದದ್ದು ಆ ಕಂಬಳಿಗೆ. ದೇವರ ಕಂಬಳಿಗೆ ಸೂಜಿ ಹಾಕಬಹುದೇ ಎಂದು ಕೆಂಚವ್ವ ಕೇಳಿದಳು. ದೇವರೇ ಹಾಕಿಸುತ್ತಿದ್ದಾನೆ ಎಂದೆ. ಪಟ್ಟಿ ಹಚ್ಚಿದ ಮೇಲೆ ಅದನ್ನು ಬಿಸಿಲಿಗೆ ಒಣ ಹಾಕಿದೆ, ಎಲ್ಲರೂ ನೋಡುವಂತೆ. ಒಣಗಿತು. ಆಮೇಲೆ ಹಸಿಯಾಗಲಿಲ್ಲ.

ಈಗ ಬೆಳಗಿನ ಪಾಳಿಯವರು ಒಬ್ಬೊಬ್ಬರೇ ಹೋಗುವುದಿಲ್ಲ. ನಮ್ಮ ಗುಡಿಯ ಮುಂದೆ ಕೂಡಿ ಸಾಲಾಗಿ ಹೊರಡುತ್ತಾರೆ. ನೀಲಮ ವಾರದಲ್ಲಿ ಎರಡು ದಿನ ಗೇಟಿನಲ್ಲಿ ನಿಲ್ಲದೆ ಕಾಲುವೆ ಪೂಲಿನ ಮೇಲೆ ಬಂದು ನಿಲ್ಲುತ್ತಾಳೆ. ಕೇಸು ಇನ್ನೂ ನಡೆದಿದೆ. ಅನುಸೂಯಾಳ ಕಾಗದ ಬಂದಿಲ್ಲ. ಸಕ್ಕುಬಾಯಿ ಹೋದ ಆದಿತ್ಯವಾರ ಬಂದು, ಮಗ ಹೊರಗಿನ ಬಾಗಿಲು ದಾಟಿ ಅಂಗಡಿಯವರೆಗೆ ಹೋಗಿ ಬಂದ ಎಂದು ಹೇಳಿ, ಕಾಯಿ ಒಡೆಸಿಕೊಂಡು ಹೋದಳು.

ಇಂದು ಬೆಳಿಗ್ಗೆ ಐದೂಕಾಲಿಗೆ ನಾನು ಬ್ಯಾಟರಿ ಬೆಳಕು ಹಿಡಿದು ಕಟ್ಟೆಯ ಮೇಲೆ ನಿಂತಿದ್ದೆ. ಮಂಜಿನಲ್ಲಿ ಮನುಷ್ಯರು ಕಾಣಲಿಲ್ಲ, ಸೈಕಲ್ಲು ಕಾಣಲಿಲ್ಲ. ಬೆಳ್ಳಿಯ ಗೆರೆಗಳು ಮಾತ್ರ ಜೋಡಿ ಜೋಡಿಯಾಗಿ ತೇಲಿ ಹೋದವು. ಗಂಗಾರಾಮನ ರೂಢಿಯನ್ನು ಈಗ ಎಲ್ಲರೂ ಹಿಡಿದಿದ್ದಾರೆ, ಗುಡಿಯ ಮುಂದೆ ಒಬ್ಬೊಬ್ಬನೂ ಒಂದು ಸಲ ಗಂಟೆ ಬಾರಿಸುತ್ತಾನೆ. ಒಂಬತ್ತು ಜೋಡಿ ಗೆರೆ ಎಣಿಸಿದೆ. ಗಂಟೆ ಹತ್ತು ಕೇಳಿದವು. ಹತ್ತನೆಯದು ಎಲ್ಲಕ್ಕೂ ಹಿಂದೆ, ದೂರದಲ್ಲಿ, ಕಾಲುವೆಯನ್ನೂ ದಾಟಿದ ಮೇಲೆ ಆಯಿತು. ಅಂಜಿಕೆ ಆಗಲಿಲ್ಲ. ಒಳಗೆ ಬಂದು ದೀಪ ಹಚ್ಚಿದೆ.

ಬೀರದೇವಾ, ನನ್ನ ತಮ್ಮನನ್ನು ನಾನು ನಿನ್ನ ಹೆಸರಿನಲ್ಲಿ ಮುಚ್ಚಿದೆ. ಆ ತಪ್ಪು ನನ್ನ ಲೆಕ್ಕಕ್ಕೆ ಇರಲಿ, ಅವನ ದಾರಿಗೆ ಅಡ್ಡ ಬಾರದಿರಲಿ. ಐದು ಮೈಲನ್ನು ಅವನು ಸಾಕಷ್ಟು ತುಳಿದಿದ್ದಾನೆ, ಇನ್ನು ತುಳಿಸಬೇಡ. ಅವನ ಪಾಳಿ ಮುಗಿಸು. ನಿನ್ನ ಕುರಿ ಮಲಗುವ ಬೆಚ್ಚಗಿನ ಹಟ್ಟಿಯಲ್ಲಿ, ಮಂಜಿಲ್ಲದ ಕಡೆ, ಅವನಿಗೊಂದು ಜಾಗ ಕೊಡು. ಅಲ್ಲಿ ಅವನು ಎಲ್ಲರಿಗೂ ಕಾಣುವ ಹಾಗೆ, ಶಾಂತವಾಗಿ ಮಲಗಿರಲಿ.